ಚೌತಿಗೆ ಬಿತ್ತಿ, ನವರಾತ್ರಿಗೆ ನೆಡಿ: ಕಾಸರಗೋಡಿನ ಅಂಗಳದಲ್ಲಿ ದೊಡ್ಡ ಟೊಮೆಟೊ ಬೆಳೆಯುವ ಸಮಗ್ರ ಮಾರ್ಗದರ್ಶಿ

ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾರನ್ನು ಕೇಳಿದರೂ ಒಂದೇ ಮಾತು: "ಟೊಮೆಟೊ ಇಲ್ಲಿಗೆ ಆಗುವುದಿಲ್ಲ." ಬೆಂಡೆ, ಅಲಸಂಡೆ, ಹರಿವೆ, ಸೌತೆ ಎಲ್ಲ ಅಂಗಳದಲ್ಲೇ ಆಗುತ್ತದೆ. ಟೊಮೆಟೊ ಮಾತ್ರ ಘಟ್ಟ ಇಳಿದು ಲಾರಿಯಲ್ಲಿ ಬರಬೇಕು. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಸಾರಿಗೆ ಹುಣಸೆಹುಳಿಯೇ ಗತಿಯಾಯಿತು. ನೆನಪಿದೆ ಅಲ್ವಾ?

ನಾನೂ ತುಂಬಾ ವರ್ಷ ಆ ಮಾತನ್ನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಪ್ಯಾಕೆಟಿನ ಮೇಲೆ ಮುಷ್ಟಿಗಿಂತ ದೊಡ್ಡ ಹಣ್ಣಿನ ಚಿತ್ರ ನೋಡಿ ಬೀಜ ತಂದಿದ್ದೆ. ಡಿಸೆಂಬರಿನಲ್ಲಿ ಬಿತ್ತಿದೆ. ಗಿಡ ಎದೆಯೆತ್ತರ ಬಂತು, ಮಾರ್ಚಿನಲ್ಲಿ ಹೂವೂ ಬಂತು. ಒಂದು ಕಾಯಿಯೂ ನಿಲ್ಲಲಿಲ್ಲ. ಹೂವಿನ ತೊಟ್ಟು ಹಳದಿಯಾಗಿ ಉದುರಿದ್ದೇ ಉದುರಿದ್ದು. ಉಳಿದ ಗಿಡಗಳು ಏಪ್ರಿಲಿನಲ್ಲಿ ಬಾಡಿ ಸತ್ತವು. ಆಮೇಲೆ ಗೊತ್ತಾಯಿತು, ಟೊಮೆಟೊ ಇಲ್ಲಿ ಆಗುತ್ತದೆ. ಆದರೆ ಅದಕ್ಕೆ ಸಿಗುವ ಕಾಲ ಬಹಳ ಕಡಿಮೆ, ಮತ್ತು ಬೇರನ್ನು ಕಾಯಬೇಕು. ಈ ಎರಡು ಸರಿಯಾದರೆ ಉಳಿದ ಕೆಲಸ ಸುಲಭ.

ಬೇಗ ಹಣ್ಣು ಬಿಡುವ ತಳಿಯೇ ಯಾಕೆ

ಟೊಮೆಟೊ ಹೂವು ಕಾಯಿ ಕಟ್ಟಬೇಕಾದರೆ ರಾತ್ರಿ ತಂಪಿರಬೇಕು. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಇದ್ದರೆ ಅದಕ್ಕೆ ಹಿತ. ಹಗಲು 32-35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ, ಹೂವು ಉದುರುತ್ತದೆ. ನಮ್ಮ ಕರಾವಳಿಯಲ್ಲಿ ರಾತ್ರಿ ಸ್ವಲ್ಪ ತಂಪೆನಿಸುವುದು ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ. ಅದಕ್ಕೂ ಮೊದಲು ಮಳೆ, ಆಮೇಲೆ ಸೆಕೆ. ಈ ಎರಡೂವರೆ ತಿಂಗಳೊಳಗೆ ಹೂವು, ಕಾಯಿ, ಹಣ್ಣು ಎಲ್ಲವೂ ಮುಗಿಯಬೇಕು.

ಅರ್ಧ ಕಿಲೋ ತೂಗುವ ವಿದೇಶಿ ತಳಿಗಳು ನೆಟ್ಟ ಮೇಲೆ 80-90 ದಿನ ತೆಗೆದುಕೊಳ್ಳುತ್ತವೆ. ಅವು ಹಣ್ಣಾಗುವ ಹೊತ್ತಿಗೆ ನಮ್ಮಲ್ಲಿ ಸೆಕೆ ಶುರು. ನೆಟ್ಟು 60-70 ದಿನಕ್ಕೆ ಮೊದಲ ಹಣ್ಣು ಕೊಡುವ, ತಕ್ಕಮಟ್ಟಿಗೆ ದೊಡ್ಡದಾದ ತಳಿ ನಮಗೆ ಬೇಕು. ಹಣ್ಣು 100 ಗ್ರಾಂ ಆಸುಪಾಸು ಇದ್ದರೆ ಅಂಗೈ ತುಂಬುತ್ತದೆ. ಈ ಊರಿಗೆ ಅದೇ ದೊಡ್ಡ ಟೊಮೆಟೊ.

ದಿನ ಲೆಕ್ಕ ಹಾಕಲು ಕ್ಯಾಲೆಂಡರ್ ಬೇಕಿಲ್ಲ, ಹಬ್ಬ ಸಾಕು. ಚೌತಿಯ ದಿನ ಬೀಜ ಹಾಕಿ. ಅಲ್ಲಿಂದ ನವರಾತ್ರಿ ಶುರುವಾಗಲು ಸುಮಾರು 26 ದಿನ. ಟೊಮೆಟೊ ಸಸಿ ನೆಡಲು ಸರಿಯಾದ ವಯಸ್ಸು ಕೂಡ ಅಷ್ಟೇ. ನವರಾತ್ರಿಗೆ ನೆಟ್ಟರೆ ದೀಪಾವಳಿ ಹೊತ್ತಿಗೆ ಮೊದಲ ಹೂವು, ಡಿಸೆಂಬರಿನಲ್ಲಿ ಮೊದಲ ಹಣ್ಣು, ಮಕರ ಸಂಕ್ರಾಂತಿಗೆ ಬುಟ್ಟಿ ತುಂಬ. ನಡುವೆ ಅಧಿಕ ಮಾಸ ಬಂದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. 2020ರಲ್ಲಿ ಹಾಗೇ ಆಗಿತ್ತು, ಚೌತಿಗೂ ನವರಾತ್ರಿಗೂ ಸುಮಾರು ಎರಡು ತಿಂಗಳ ಅಂತರ. ಅಂಥ ವರ್ಷ ಬಿತ್ತಿದ 25ನೇ ದಿನ ನೋಡಿ ನೆಡಿ, ಹಬ್ಬಕ್ಕೆ ಕಾಯಬೇಡಿ.

ಯಾವ ತಳಿ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ನಮಗೆ ಹೊಂದುತ್ತವೆ. ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಎರಡೂ ಹೈಬ್ರಿಡ್. ದುಂಡಾಣು (ಬ್ಯಾಕ್ಟೀರಿಯಾ) ಬೇರಿನಿಂದ ಹೊಕ್ಕು ಗಿಡ ಬಾಡಿಸುವ ಸೊರಗು ರೋಗ, ಎಲೆ ಮುದುಡು ರೋಗ, ಎಲೆಚುಕ್ಕೆ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುತ್ತವೆ. ರಕ್ಷಕ್ ಹಣ್ಣು 90-100 ಗ್ರಾಂ, ಸಾಮ್ರಾಟ್ ಅದಕ್ಕಿಂತ ತುಸು ದಪ್ಪ. ಅರ್ಕಾ ಅಭೇದ್ ಎಂಬುದು ಕೊನೆ ಅಂಗಮಾರಿಯನ್ನೂ ತಡೆಯುತ್ತದೆ. ಅರ್ಕಾ ಆಲೋಕ್ ಹೈಬ್ರಿಡ್ ಅಲ್ಲ. ಗಿಡ ಗಿಡ್ಡ, ಹಣ್ಣು 120 ಗ್ರಾಂ ತನಕ, ಸೊರಗು ರೋಗ ತಡೆಯುತ್ತದೆ, ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಅದರ ಬೀಜ ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ, ನನ್ನ ಮೊದಲ ಆಯ್ಕೆ ಅದೇ.

ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ತಳಿಗಳೂ ಸೊರಗು ರೋಗಕ್ಕೆ ಗಟ್ಟಿ. ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ ನೋಡಿ. ಅನಘದ ಹಣ್ಣು ದೊಡ್ಡದಲ್ಲ, ಆದರೆ ಮೊದಲ ವರ್ಷ ಕೈ ಪಳಗಲು ಬಹಳ ಒಳ್ಳೆಯದು.

ಮಣ್ಣು: ಅವಸರ ಮಾಡಬಾರದ ಕೆಲಸ

ನಮ್ಮದು ಮುರಕಲ್ಲಿನ ಮಣ್ಣು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬಿದ್ದು ಸುಣ್ಣದ ಅಂಶವೆಲ್ಲ ತೊಳೆದು ಹೋಗಿರುತ್ತದೆ. ಮಣ್ಣು ಹುಳಿ. ಪಿಎಚ್ ಐದರ ಆಸುಪಾಸು ಇರುವುದು ಸಾಮಾನ್ಯ. ಟೊಮೆಟೊಗೆ ಬೇಕಾದ್ದು ಆರರಿಂದ ಆರೂವರೆ. ಹುಳಿ ಮಣ್ಣಿನಲ್ಲಿ ಸೊರಗು ರೋಗದ ದುಂಡಾಣು ಜೋರು, ಕಾಯಿಯ ತುದಿ ಕಪ್ಪಾಗಿ ಕೊಳೆಯುವುದೂ ಜೋರು.

ಹಾಗಾಗಿ ನೆಡುವ ಎರಡು ಮೂರು ವಾರ ಮೊದಲು ಸೆಂಟಿಗೆ 3 ಕಿಲೋ ಲೆಕ್ಕದಲ್ಲಿ ಸುಣ್ಣ ಹಾಕಿ. ನೀರು ಹಾಕಿ ಅರಳಿಸಿದ ಕಪ್ಪೆಚಿಪ್ಪಿನ ಸುಣ್ಣ ಸಿಕ್ಕಿದರೆ ಉತ್ತಮ. ಮಣ್ಣಿನಲ್ಲಿ ಒಂದು ಗೇಣು ಆಳಕ್ಕೆ ಬೆರೆಸಿ, ಹಸಿಯಾಗಿ ಇಡಿ. ಸುಣ್ಣದ ಜೊತೆಗೇ ಸೆಗಣಿ ಗೊಬ್ಬರ ಹಾಕಬೇಡಿ. ಎರಡೂ ಸೇರಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಗೊಬ್ಬರಕ್ಕೆ ಹತ್ತು ದಿನ ಬಿಟ್ಟು ಸರದಿ.

ಇನ್ನು ಸುಡುಮಣ್ಣು. ಇದನ್ನು ಹಿರಿಯರು ಸುಮ್ನೆ ಮಾಡಿದ್ದಲ್ಲ. ಬೇಸಿಗೆಯಲ್ಲಿ ತರಗೆಲೆ, ಒಣ ಪುಳ್ಳೆ, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ಒಂದು ಪದರ ಹಾಕಿ, ಮೇಲೆ ಹುಲ್ಲು ಕೆತ್ತಿದ ಮೇಲ್ಮಣ್ಣು ಮುಚ್ಚಿ, ಬದಿಯಿಂದ ಬೆಂಕಿ ಕೊಡಬೇಕು. ಉರಿ ಏಳಬಾರದು, ಹೊಗೆಯಾಡುತ್ತಾ ಒಂದೆರಡು ದಿನ ನಿಧಾನವಾಗಿ ಬೇಯಬೇಕು. ಉರಿ ಕಂಡಲ್ಲಿ ಇನ್ನೊಂದು ಬುಟ್ಟಿ ಮಣ್ಣು ಹಾಕಿ. ತಣಿದ ಮೇಲೆ ಮುಟ್ಟಿ ನೋಡಿ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಲ್ಲಿ ರವೆಯಂತೆ ಜಾರುತ್ತದೆ. ಬಣ್ಣ ಕಾಫಿಪುಡಿಗೂ ಇಟ್ಟಿಗೆಪುಡಿಗೂ ನಡುವೆ. ಇದರಲ್ಲಿ ರೋಗಾಣು, ಕಳೆಬೀಜ ಹೆಚ್ಚಿನದು ಸತ್ತಿರುತ್ತದೆ, ಬೂದಿಯ ಪೊಟ್ಯಾಷ್ ಸೇರಿರುತ್ತದೆ, ಹುಳಿಯೂ ಇಳಿದಿರುತ್ತದೆ. ಮಳೆಗಾಲದಲ್ಲಿ ಇದನ್ನು ಮಾಡಲು ಆಗದು. ಬೇಸಿಗೆಯಲ್ಲೇ ಮಾಡಿ ಗೋಣಿಯಲ್ಲಿ ತುಂಬಿ ಕೊಟ್ಟಿಗೆಯ ಮೂಲೆಯಲ್ಲಿಡಿ.

ಹಿಂದಿನ ವರ್ಷ ಬದನೆ, ಮೆಣಸು, ಟೊಮೆಟೊ ಇದ್ದ ಜಾಗ ಬೇಡವೇ ಬೇಡ. ಇವೆಲ್ಲ ಒಂದೇ ಕುಟುಂಬ, ರೋಗವೂ ಒಂದೇ. ಬೇರೆ ಜಾಗ ಇಲ್ಲದವರು ಗ್ರೋಬ್ಯಾಗ್ ಮಾಡಿ. ಒಂದು ಪಾಲು ಸುಡುಮಣ್ಣು, ಒಂದು ಪಾಲು ಹಳೆ ಸೆಗಣಿ ಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ. ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ, ಅರ್ಧ ಹಿಡಿ ಎಲುಬಿನ ಗೊಬ್ಬರ. ದೊಡ್ಡ ಹಣ್ಣಿನ ತಳಿಗೆ ಹದಿನೈದು ಲೀಟರಿಗಿಂತ ಸಣ್ಣ ಬ್ಯಾಗ್ ಸಾಲದು.

ಸಸಿ

ಚೌತಿ ಹೊತ್ತಿಗೆ ಇನ್ನೂ ಮಳೆ ಇರುತ್ತದೆ. ಸಸಿಗೆ ಮಾಡು ಬೇಕು, ಬೆಳಕೂ ಬೇಕು. ನಾಲ್ಕು ಅಡಿಕೆ ದಬ್ಬೆ ನೆಟ್ಟು ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿದರೆ ಆಯಿತು. ಜಗಲಿಯ ಒಳಗಿಟ್ಟ ಸಸಿ ಬೆಳಕು ಹುಡುಕಿ ನೂಲಿನಂತೆ ಉದ್ದವಾಗುತ್ತದೆ, ನೆಟ್ಟರೂ ಏಳುವುದಿಲ್ಲ. ಪ್ರೋಟ್ರೇಗೆ (ಸಸಿ ಎಬ್ಬಿಸುವ ಸಣ್ಣ ಕುಳಿಗಳ ತಟ್ಟೆ) ನಾರಿನ ಪುಡಿ ಮತ್ತು ಜರಡಿ ಹಿಡಿದ ಎರೆಗೊಬ್ಬರ ತುಂಬಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಕುಳಿಗೊಂದು ಬೀಜ ಹಾಕಿ. ಐದರಿಂದ ಏಳು ದಿನದಲ್ಲಿ ಮೊಳೆಯುತ್ತದೆ. ನೀರು ಜಾಸ್ತಿಯಾದರೆ ಬುಡ ಕೊಳೆತು ಸಸಿ ಒರಗುತ್ತದೆ. ಮೇಲ್ಭಾಗ ಒಣಗಿದಂತೆ ಕಂಡ ಮೇಲೆಯೇ ನೀರು. ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿ. ಬಿಳಿ ನೊಣ ಈ ವಯಸ್ಸಿನಲ್ಲಿ ಕೂತರೆ ಎಲೆ ಮುದುಡು ರೋಗ ಅಲ್ಲಿಂದಲೇ ಗಿಡದ ಜೊತೆ ಬರುತ್ತದೆ.

ಕೊನೆಯ ಐದಾರು ದಿನ ನೀರು ಕಡಿಮೆ ಮಾಡಿ, ಬಿಸಿಲಿಗೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ.

ಕುದನೆ ಗಿಡಕ್ಕೆ ಕಸಿ

ನಿಮ್ಮ ಜಾಗದಲ್ಲಿ ಒಮ್ಮೆ ಸೊರಗು ರೋಗ ಬಂದಿದ್ದರೆ ಈ ಭಾಗವನ್ನು ಬಿಡದೆ ಓದಿ. ಬೇಲಿ ಬದಿಯಲ್ಲಿ ತಾನಾಗಿ ಬೆಳೆಯುವ ಕುದನೆ (ಸುಂಡೆಕಾಯಿ) ಗಿಡ ಗೊತ್ತಲ್ಲ, ಗೊಂಚಲು ಗೊಂಚಲು ಸಣ್ಣ ಕಾಯಿ ಬಿಡುವುದು? ಅದು ಟೊಮೆಟೊದ ದಾಯಾದಿ. ಸೊರಗು ರೋಗಕ್ಕೆ ಅದರ ಬೇರು ಜಗ್ಗುವುದಿಲ್ಲ. ಅದರ ಬೇರಿನ ಮೇಲೆ ದೊಡ್ಡ ಟೊಮೆಟೊದ ತಲೆ ಕೂರಿಸಿದರೆ, ರೋಗವಿರುವ ಮಣ್ಣಿನಲ್ಲೂ ಗಿಡ ನಿಲ್ಲುತ್ತದೆ.

ಕುದನೆ ಬೀಜ ನಿಧಾನ. ಮೊಳೆಯಲು ಎರಡು ಮೂರು ವಾರ ಬೇಕು. ಜೂನ್ ಕೊನೆಗೇ ಹಾಕಿಡಿ. ಇಲ್ಲವೇ ಬೇಲಿಯಲ್ಲಿ ತಾನಾಗಿ ಹುಟ್ಟಿದ ಬೆರಳುದ್ದದ ಸಸಿಗಳನ್ನು ಮಣ್ಣು ಸಮೇತ ಎತ್ತಿ ಕವರಿಗೆ ಹಾಕಿ ಎರಡು ವಾರ ಸುಧಾರಿಸಲು ಬಿಡಿ. ಕಸಿ ಮಾಡುವುದಾದರೆ ಟೊಮೆಟೊ ಬೀಜವನ್ನು ಚೌತಿಗಿಂತ ಎರಡು ವಾರ ಮೊದಲೇ ಹಾಕಬೇಕು, ಏಕೆಂದರೆ ಗಾಯ ಮಾಯಲು ದಿನ ಹಿಡಿಯುತ್ತದೆ.

ಎರಡರ ಕಾಂಡವೂ ಒಂದೇ ದಪ್ಪ ಇರಬೇಕು, ಎರಡು ಮಿಲಿಮೀಟರ್ ಸಾಕು. ಸಂಜೆ ಹೊತ್ತು, ನೆರಳಿನಲ್ಲಿ ಕುಳಿತುಕೊಳ್ಳಿ. ಹೊಸ ಬ್ಲೇಡ್. ಕುದನೆಯನ್ನು ಬುಡದಿಂದ ಮೂರು ನಾಲ್ಕು ಬೆರಳು ಮೇಲೆ ಓರೆಯಾಗಿ ಒಂದೇ ಎಳೆತದಲ್ಲಿ ಕತ್ತರಿಸಿ. ಟೊಮೆಟೊದ ತಲೆಯನ್ನೂ ಅದೇ ಓರೆಗೆ ಕತ್ತರಿಸಿ. ಟೊಮೆಟೊ ತಲೆಯಲ್ಲಿ ಎರಡು ಮೂರು ಎಲೆ ಮಾತ್ರ ಇರಲಿ. ಗಾಯಕ್ಕೆ ಬೆರಳು ತಾಗಿಸಬೇಡಿ. ಸೈಕಲಿನ ವಾಲ್ವ್ ಟ್ಯೂಬನ್ನು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಒಂದು ಬದಿ ಸೀಳಿ, ಕುದನೆಯ ತುದಿಗೆ ಅರ್ಧ ಏರಿಸಿ. ಮೇಲಿನಿಂದ ಟೊಮೆಟೊ ಇಳಿಸಿ. ಓರೆಗೆ ಓರೆ ಕೂತಾಗ ಬೆರಳಿಗೆ ಗೊತ್ತಾಗುತ್ತದೆ, ಎರಡು ಕಾಂಡ ಒಂದೇ ಕಡ್ಡಿಯಂತೆ ನೆಟ್ಟಗಾಗುತ್ತದೆ. ನಡುವೆ ಗಾಳಿ ಕಂಡರೆ ಮತ್ತೆ ಕತ್ತರಿಸಿ.

ಕೂಡಲೇ ನೀರು ಸಿಂಪಡಿಸಿ, ಪ್ಲಾಸ್ಟಿಕ್ ಬುಟ್ಟಿ ಕವುಚಿ, ಮೂರು ದಿನ ಕತ್ತಲೆಯಲ್ಲಿಡಿ. ಮೊದಲ ದಿನ ಎಲೆ ಜೋತು ಬೀಳುತ್ತದೆ, ಗಾಬರಿ ಬೇಡ. ನಾಲ್ಕನೇ ದಿನ ಬೆಳಗ್ಗೆ ಬುಟ್ಟಿ ಎತ್ತಿದಾಗ ಎಲೆ ಎದ್ದು ನಿಂತಿದ್ದರೆ ಕಸಿ ಹಿಡಿದಿದೆ. ಮೊದಲ ಬಾರಿಗೆ ನನಗೆ ಹತ್ತರಲ್ಲಿ ಮೂರು ಹಿಡಿದಿತ್ತು, ಈಗ ಏಳೆಂಟು ಹಿಡಿಯುತ್ತದೆ. ಹತ್ತನೇ ದಿನಕ್ಕೆ ಬುಟ್ಟಿ ಪೂರ್ತಿ ತೆಗೆದು, ಒಂದು ವಾರ ಹೊರಗೆ ರೂಢಿ ಮಾಡಿಸಿ ನೆಡಿ. ಕುದನೆಯಿಂದ ಚಿಗುರು ಬಂದರೆ ಚಿವುಟುತ್ತಾ ಇರಿ.

ನೆಡುವುದು

ಸಂಜೆಯೇ ನೆಡಿ. ಎರಡಡಿ ಅಂತರ. ನವರಾತ್ರಿ ಆದ ಮೇಲೂ ಮಧ್ಯಾಹ್ನದ ಗುಡುಗು ಮಳೆ ಇರುತ್ತದೆ, ಆದ್ದರಿಂದ ಏರು ಮಡಿ ಒಂದಡಿ ಎತ್ತರ ಇರಲಿ. ಒಂದು ಲೀಟರ್ ನೀರಿಗೆ 20 ಗ್ರಾಂ ಸ್ಯೂಡೋಮೊನಾಸ್ (ರೋಗ ತಡೆಯುವ ಒಳ್ಳೆಯ ದುಂಡಾಣುವಿನ ಪುಡಿ) ಕರಗಿಸಿ, ಸಸಿಯ ಬೇರನ್ನು ಅರ್ಧ ಗಂಟೆ ಅದ್ದಿ ನೆಡಿ.

ಇಲ್ಲಿ ಒಂದು ಮಾತು ಬಹಳ ಮುಖ್ಯ. ಸಾದಾ ಸಸಿಯನ್ನು ಆಳಕ್ಕೆ ನೆಡಬೇಕು, ಕೆಳಗಿನ ಎಲೆ ತೆಗೆದು ಕಾಂಡದ ಅರ್ಧ ಮಣ್ಣೊಳಗೆ ಹೋಗಬೇಕು. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಕಸಿ ಸಸಿಗೆ ಇದರ ಉಲ್ಟಾ. ಕಸಿ ಗಂಟು ಮಣ್ಣಿಗಿಂತ ಎರಡು ಬೆರಳಾದರೂ ಮೇಲಿರಬೇಕು. ಗಂಟು ಹೂತರೆ ಟೊಮೆಟೊ ತನ್ನದೇ ಬೇರು ಬಿಡುತ್ತದೆ, ರೋಗ ಆ ದಾರಿಯಲ್ಲಿ ಒಳಗೆ ಹೋಗುತ್ತದೆ, ಕಸಿಯ ಶ್ರಮವೆಲ್ಲ ನೀರುಪಾಲು.

ನೆಡುವ ದಿನವೇ ಊರೆ ಕೋಲು ಊರಿ. ಆಮೇಲೆ ಊರಿದರೆ ಬೇರಿಗೆ ಗಾಯ, ಗಾಯದಲ್ಲೇ ದುಂಡಾಣು ಹೊಕ್ಕುತ್ತದೆ. ಇದೇ ಕಾರಣಕ್ಕೆ ಬುಡದಲ್ಲಿ ಹಾರೆ, ಕತ್ತಿ ಆಡಿಸಲೇಬಾರದು. ಕಳೆಯನ್ನು ಕೈಯಲ್ಲಿ ಕೀಳಿ, ಬುಡಕ್ಕೆ ದಪ್ಪಗೆ ತರಗೆಲೆ ಹೊದೆಸಿ. ಕಾಂಡವನ್ನು ಬಾಳೆ ನಾರಿನಲ್ಲಿ ಸಡಿಲವಾಗಿ ಕಟ್ಟಿ.

ನೀರು, ಗೊಬ್ಬರ

ಮಳೆ ನಿಂತ ಮೇಲೆ ಗಿಡಕ್ಕೆ ದಿನಕ್ಕೆ ಒಂದು ಲೀಟರ್, ಕಾಯಿ ತುಂಬಿದಾಗ ಎರಡು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿರುವ ಮನೆಯವರು ಪೈಪಿನಲ್ಲಿ ಮಡಿಯಿಂದ ಮಡಿಗೆ ಹರಿಸುವ ರೂಢಿ ಇದೆ. ಟೊಮೆಟೊಗೆ ಅದು ಬೇಡ. ಒಂದು ಗಿಡಕ್ಕೆ ರೋಗ ಬಂದಿದ್ದರೆ ಆ ನೀರೇ ಅದನ್ನು ಸಾಲಿಡೀ ಹಂಚುತ್ತದೆ. ಬುಡಬುಡಕ್ಕೆ ತಂಬಿಗೆಯಲ್ಲಿ ಹಾಕಿ, ಬೆಳಗ್ಗೆಯೇ. ಎರಡು ದಿನ ಮರೆತು ಮೂರನೇ ದಿನ ಕೊಡ ತುಂಬ ಹೊಯ್ದರೆ ಹಣ್ಣು ಬಿರಿಯುತ್ತದೆ. ತುದಿ ಕಪ್ಪಾಗುವುದಕ್ಕೂ ಸುಣ್ಣದ ಕೊರತೆಯ ಜೊತೆ ಈ ಏರುಪೇರೇ ಕಾರಣ.

ನೆಲಗಡಲೆ ಹಿಂಡಿ, ಸೆಗಣಿ ನೀರು ಎರಡು ದಿನ ಕೊಳೆಸಿ, ಹತ್ತು ಪಾಲು ನೀರು ಸೇರಿಸಿ ಹತ್ತು ದಿನಕ್ಕೊಮ್ಮೆ ಕೊಡಿ. ಹೂವು ಬಂದ ಮೇಲೆ ಹಿಂಡಿ ಕಡಿಮೆ, ಬೂದಿ ಜಾಸ್ತಿ. ಹಿಂಡಿಯೇ ಸುರಿದರೆ ಎಲೆ ಕಪ್ಪುಹಸಿರಾಗಿ ಗಿಡ ಚಂದ ಕಾಣುತ್ತದೆ, ಹೂವು ಮಾತ್ರ ನಿಲ್ಲುವುದಿಲ್ಲ.

ಹೂವಿನಿಂದ ದೊಡ್ಡ ಹಣ್ಣಿಗೆ

ಟೊಮೆಟೊ ಹೂವಿನ ಪರಾಗ ಒಂದು ಸಣ್ಣ ಕೊಳವೆಯೊಳಗೆ ಇರುತ್ತದೆ. ನಡುಗಿಸಿದರೆ ಮಾತ್ರ ಉದುರುತ್ತದೆ. ಮುಜಂಟಿ (ಕೊಂಡಿಯಿಲ್ಲದ ಸಣ್ಣ ಜೇನು) ಪೆಟ್ಟಿಗೆ ಇಟ್ಟಿರುವ ಮನೆಗಳಲ್ಲೂ ಟೊಮೆಟೊಗೆ ಅದರಿಂದ ದೊಡ್ಡ ಉಪಕಾರ ಇಲ್ಲ, ಅದಕ್ಕೆ ಹಾಗೆ ನಡುಗಿಸಲು ಬರುವುದಿಲ್ಲ. ಮರ ಕೊರೆಯುವ ಕಪ್ಪು ದುಂಬಿ ಹೂವಿಗೆ ತೂಗಿ ಗುಂಯ್ ಎಂದು ನಡುಗಿಸುತ್ತದೆ. ದುಂಬಿ ಬಾರದ ಕಡೆ ನೀವೇ ಮಾಡಿ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ, ಇಬ್ಬನಿ ಆರಿದ ಮೇಲೆ, ಹೂಗೊಂಚಲಿನ ತೊಟ್ಟಿಗೆ ಬೆರಳಲ್ಲಿ ಎರಡು ಸಲ ತಟ್ಟಿ. ಬಿಸಿಲಿಗೆ ಎದುರಾಗಿ ನಿಂತರೆ ಹಳದಿ ಧೂಳು ಉದುರುವುದು ಕಾಣುತ್ತದೆ. ದಿನಾ ಎರಡು ನಿಮಿಷದ ಕೆಲಸ, ಆದರೆ ನನ್ನ ಗಿಡಗಳಲ್ಲಿ ಕಾಯಿ ನಿಲ್ಲುವುದು ಜಾಸ್ತಿಯಾದದ್ದು ಇದರಿಂದಲೇ.

ಒಂದು ಗೊಂಚಲಿನಲ್ಲಿ ಆರೇಳು ಕಾಯಿ ಕಟ್ಟಿದರೆ, ಗೋಲಿ ಗಾತ್ರ ಇರುವಾಗಲೇ ಮೂರು ನಾಲ್ಕು ಉಳಿಸಿ ಬಾಕಿ ತೆಗೆಯಿರಿ. ಮನಸ್ಸು ಬರುವುದಿಲ್ಲ, ಆದರೂ ತೆಗೆಯಿರಿ. ದೊಡ್ಡ ಹಣ್ಣಿನ ಗುಟ್ಟು ಅರ್ಧ ಇಲ್ಲೇ ಇದೆ. ಗಿಡ್ಡ ತಳಿಯ ಕವಲುಗಳನ್ನು ಚಿವುಟಬೇಡಿ, ಹಣ್ಣು ಬರುವುದೇ ಅಲ್ಲಿ. ಮೊದಲ ಗೊಂಚಲಿನ ಕೆಳಗಿನ ಎಲೆ, ಚಿಗುರು ಮಾತ್ರ ತೆಗೆಯಿರಿ.

ಗಿಡ ಬಾಡಿದರೆ

ಎಲೆ ಹಸಿರಾಗಿಯೇ ಇದೆ, ಮಣ್ಣಲ್ಲಿ ತೇವವೂ ಇದೆ, ಆದರೆ ಮಧ್ಯಾಹ್ನ ತಲೆ ಜೋತು ಬೀಳುತ್ತದೆ. ಸಂಜೆ ಏಳುತ್ತದೆ. ಮರುದಿನ ಏಳುವುದಿಲ್ಲ. ಆಗ ಹೀಗೆ ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡ ಕತ್ತರಿಸಿ, ಎರಡು ಬೆರಳು ಉದ್ದದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅರ್ಧ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಒಂದೆರಡು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂಥದ್ದು ಕೆಳಗೆ ಇಳಿಯತೊಡಗುತ್ತದೆ, ಊದುಬತ್ತಿಯ ಹೊಗೆ ತಲೆಕೆಳಗಾದಂತೆ. ಅದು ದುಂಡಾಣುಗಳ ರಾಶಿ. ಕಂಡರೆ ಆ ಗಿಡಕ್ಕೆ ಮದ್ದಿಲ್ಲ. ಬುಡದ ಮಣ್ಣು ಸಮೇತ ಎತ್ತಿ ಸುಟ್ಟುಬಿಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಗಿಡ ಎತ್ತಿದ ಗುಂಡಿಗೆ ಸುಣ್ಣ ಹಾಕಿ, ಕೈ ಕತ್ತಿ ತೊಳೆದೇ ಇನ್ನೊಂದು ಗಿಡ ಮುಟ್ಟಿ.

ಕೀಟಗಳ ವಿಷಯದಲ್ಲಿ ನಾನು ವಿಷದ ಕಡೆ ಹೋಗುವುದೇ ಇಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆಯಂಥ ಊರುಗಳು ಇವತ್ತಿಗೂ ಅನುಭವಿಸುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಆಗಬಾರದ್ದು ಆಗಿಹೋಗಿತ್ತು. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುವ ಹಣ್ಣಿಗೆ ವಿಷ ಬೇಡ. ಬಿಳಿ ನೊಣಕ್ಕೆ ಹಳದಿ ಅಂಟು ಹಲಗೆ ತೂಗಿ. ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಜಜ್ಜಿದ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸೋಪು ಕರಗಿಸಿ, ಸೋಸಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ, ವಾರಕ್ಕೊಮ್ಮೆ. ಕಾಯಿ ಕೊರೆಯುವ ಹುಳಕ್ಕೆ ಚೆಂಡುಹೂ. ಟೊಮೆಟೊಗಿಂತ ಎರಡು ವಾರ ಮೊದಲು ಬಿತ್ತಿದ ಚೆಂಡುಹೂ ಗಿಡ ಬದಿಯಲ್ಲಿದ್ದರೆ ಚಿಟ್ಟೆ ಮೊಟ್ಟೆ ಇಡಲು ಅಲ್ಲಿಗೇ ಹೋಗುತ್ತದೆ. ತೂತು ಕಂಡ ಕಾಯಿಯನ್ನು ಕಿತ್ತು ನೀರಿಗೆ ಹಾಕಿ. ಎಲೆ ಮುದುಡಿದ ಗಿಡ ಸರಿಯಾಗುವುದಿಲ್ಲ, ಕಿತ್ತುಬಿಡಿ.

ಕೊಯ್ಲು, ಬೀಜ

ಹಣ್ಣಿನ ತುದಿ ಗುಲಾಬಿ ಬಣ್ಣಕ್ಕೆ ತಿರುಗಿದಾಗಲೇ ಕೊಯ್ದು ಒಳಗೆ ಮಡಗಿ, ನಾಲ್ಕೈದು ದಿನದಲ್ಲಿ ಪೂರ್ತಿ ಹಣ್ಣಾಗುತ್ತದೆ. ಗಿಡದಲ್ಲೇ ಬಿಟ್ಟರೆ ಅಳಿಲಿಗೆ, ಹಕ್ಕಿಗೆ. ಫ್ರಿಜ್ಜಿನಲ್ಲಿಟ್ಟರೆ ಪರಿಮಳ ಹೋಗುತ್ತದೆ. ಮಾರ್ಚಿನ ಹಣ್ಣು ಕೆಂಪಾಗದೆ ಕಿತ್ತಳೆ ಬಣ್ಣಕ್ಕೆ ನಿಂತರೆ ರೋಗವೆಂದು ಹೆದರಬೇಡಿ. ಸೆಕೆ 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಕಟ್ಟುವುದಿಲ್ಲ. ಗಿಡ ಮುಗಿಸುವ ಸಮಯ ಬಂತು ಎಂದು ಅರ್ಥ. ನನ್ನ ಗಿಡಗಳಲ್ಲಿ ಅಷ್ಟರೊಳಗೆ ತಲಾ ಮೂರು ಕಿಲೋ ಸಿಕ್ಕಿರುತ್ತದೆ. ಆ ಮಡಿಗೆ ಅಲಸಂಡೆಯೋ ಮುಳ್ಳುಸೌತೆಯೋ ಹಾಕಿ.

ಹೈಬ್ರಿಡ್ ಅಲ್ಲದ ತಳಿಯಾದರೆ ಬೀಜ ಉಳಿಸಿ. ಗಟ್ಟಿ ಗಿಡದ ಎರಡನೇ ಗೊಂಚಲಿನ ದೊಡ್ಡ ಹಣ್ಣನ್ನು ಗಿಡದಲ್ಲೇ ಪೂರ್ತಿ ಹಣ್ಣಾಗಲು ಬಿಡಿ, ಬಟ್ಟೆ ಚೀಲ ಕಟ್ಟಿ ಕಾಯಿರಿ. ಬೀಜವನ್ನು ಲೋಳೆ ಸಮೇತ ಲೋಟಕ್ಕೆ ಹಿಂಡಿ ಎರಡು ದಿನ ಹುಳಿ ಬರಲು ಬಿಡಿ. ಮೇಲೆ ತೆಳು ಬಿಳಿ ಕೆನೆ ಕಟ್ಟಿದಾಗ ನೀರು ಹಾಕಿ ತೊಳೆಯಿರಿ. ಜೊಳ್ಳು ತೇಲುತ್ತದೆ, ಒಳ್ಳೆ ಬೀಜ ತಳದಲ್ಲಿ ನಿಲ್ಲುತ್ತದೆ. ಕಾಗದಕ್ಕೆ ಹಾಕಿದರೆ ಅಂಟಿಕೊಳ್ಳುತ್ತದೆ, ಪಿಂಗಾಣಿ ತಟ್ಟೆಯಲ್ಲಿ ನೆರಳಿಗೆ ಒಣಗಿಸಿ. ಕೈಯಲ್ಲಿ ಹಿಡಿದಾಗ ಒಂದಕ್ಕೊಂದು ಅಂಟದೆ ಜಾರಿದರೆ ಒಣಗಿದೆ. ಸಣ್ಣ ಕಾಗದದ ಪೊಟ್ಟಣ ಕಟ್ಟಿ, ತಳಿಯ ಹೆಸರು, ಇಸವಿ ಬರೆದು, ತಳದಲ್ಲಿ ಒಂದು ಹಿಡಿ ಒಣ ಬೂದಿ ಹಾಕಿದ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ನಮ್ಮ ಮಳೆಗಾಲದ ತೇವ ಮುಚ್ಚಳ ಸಡಿಲವಿದ್ದರೂ ಒಳಗೆ ಹೋಗುತ್ತದೆ, ಹಾಗಾಗಿ ಚೌತಿಯವರೆಗೆ ಆ ಬಾಟಲಿ ತೆರೆಯಬೇಡಿ.